ಭಾವ ಬೇಡ ಅಂದಿದ್ದಕ್ಕೆ

ನನ್ನ ಗಂಡ ತೀರಿಕೊಂಡ ದಿನ ನಾನು ಅತ್ತದ್ದಕ್ಕಿಂತ ಹಲ್ಲು ಕಚ್ಚಿದ್ದೇ ಹೆಚ್ಚು. ಹೇಳಿಕೊಳ್ಳಲು ನಾಚಿಕೆಯೇನಿಲ್ಲ. ದುಃಖ ಆಮೇಲೆ ಬಂತು, ತನ್ನ ಪಾಡಿಗೆ ಬಂದು ಹೋಗುತ್ತಲೂ ಇದೆ. ಸಿಟ್ಟು ಮಾತ್ರ ಅವತ್ತು ಬಂದದ್ದು ಇವತ್ತಿಗೂ ಹೋಗಿಲ್ಲ.

ನನ್ನವರು ಗರುಡಾಚಾರ್‌ಪಾಳ್ಯದ ಒಂದು ಸಣ್ಣ ಕಾರ್ಖಾನೆಯಲ್ಲಿ ಲೇತ್ ಯಂತ್ರದ ಮೇಲೆ ಕೆಲಸ ಮಾಡುತ್ತಿದ್ದರು. ಅವರ ಪಕ್ಕದ ಯಂತ್ರದವರ ಕಣ್ಣಿಗೆ ಒಮ್ಮೆ ಕಬ್ಬಿಣದ ಚೂರು ಸಿಡಿದು ಗಾಯವಾಯಿತು. ಗಾಯ ಮಾಗಿತು, ಆದರೆ ಕಣ್ಣಿನ ಮೇಲೆ ಬಿಳಿಯ ಕಲೆ ಉಳಿದು ನೋಟ ಹೋಯಿತು. ಒಂದು ವರ್ಷ ಕಾದ ಮೇಲೆ ಸತ್ತ ಯಾರದೋ ಕಣ್ಣಿನ ಪಾರದರ್ಶಕ ಪೊರೆಯನ್ನು ತಂದು ಹಾಕಿದರು. ಆತ ಮತ್ತೆ ಕೆಲಸಕ್ಕೆ ಬಂದ ದಿನ ನನ್ನವರು ಮನೆಗೆ ಬಂದು ಚಪ್ಪಲಿ ಬಿಡುವ ಮೊದಲೇ ಶುರುಮಾಡಿದರು.

“ಯಾರ್ ಕೊಟ್ರು ಅಂತ ಅವನಿಗೇ ಗೊತ್ತಿಲ್ಲ ಕಣೇ. ಯಾರೋ ಹೋಗ್ತಾ ಹೋಗ್ತಾ ಕೊಟ್ಟು ಹೋಗಿದಾರೆ. ನಾನೂ ಬರ್ಕೊಡ್ತೀನಿ.”

ಬರೆದೂ ಕೊಟ್ಟರು. ಕಣ್ಣು ಮಾತ್ರವಲ್ಲ, ಮೂತ್ರಪಿಂಡ, ಯಕೃತ್ತು, ಹೃದಯ, ಚರ್ಮ, ಎಲ್ಲ. ಒಂದು ಸೇವಾ ಸಂಘದವರು ಕಾರ್ಖಾನೆಗೆ ಬಂದು ಫಾರಂ ತುಂಬಿಸಿಕೊಂಡು ಒಂದು ಕಾರ್ಡು ಕೊಟ್ಟಿದ್ದರು. ಸಾಕ್ಷಿಯ ಜಾಗದಲ್ಲಿ ನಾನೇ ಸಹಿ ಹಾಕಿದೆ. “ನಿಮ್ ಹಳೇ ಕಿಡ್ನಿ ಯಾರಿಗ್ ಬೇಕ್ರೀ” ಎಂದು ನಗಾಡಿದ್ದು ನೆನಪಿದೆ.

ಅದಾಗಿ ಮೂರು ವರ್ಷಕ್ಕೆ, ಬೆಳಗಿನ ಪಾಳಿಗೆ ಹೊರಟವರಿಗೆ ಕೆ.ಆರ್. ಪುರದ ತೂಗುಸೇತುವೆಯ ಹತ್ತಿರ ಲಾರಿ ಹೊಡೆಯಿತು. ಆಸ್ಪತ್ರೆಯಲ್ಲಿ ಮೂರನೆಯ ದಿನ ಬೆಳಿಗ್ಗೆ ಡಾಕ್ಟರು ನನ್ನನ್ನು ಕೂರಿಸಿ, ಮೆದುಳು ಪೂರ್ತಿ ನಿಂತಿದೆ, ಎರಡು ಸಲ ಪರೀಕ್ಷೆ ಮಾಡಿದ್ದೇವೆ, ಯಂತ್ರದಿಂದ ಎದೆ ಬಡಿಯುತ್ತಿದೆ ಅಷ್ಟೇ ಎಂದರು. ಪಕ್ಕದಲ್ಲಿ ಒಬ್ಬ ಚಿಕ್ಕ ವಯಸ್ಸಿನ ಹೆಂಗಸು ನಿಂತಿದ್ದಳು. ದಾನದ ವಿಷಯವಾಗಿ ಮನೆಯವರೊಂದಿಗೆ ಮಾತಾಡುವುದು ಅವಳ ಕೆಲಸ. ಅವಳು ಬಾಯಿ ತೆರೆಯುವ ಮೊದಲೇ ನಾನು ಪರ್ಸಿನಿಂದ ಕಾರ್ಡು ತೆಗೆದು ಅವಳ ಕೈಯಲ್ಲಿಟ್ಟೆ. ಅವಳ ಕಣ್ಣಲ್ಲಿ ನೀರು ಬಂತು. ನನಗೆ ಬರಲಿಲ್ಲ. ಹೇಳಿದ ಕೆಲಸ ಮಾಡುತ್ತಿದ್ದೇನೆ ಎಂಬ ಸಮಾಧಾನದಲ್ಲಿ ಗಟ್ಟಿಯಾಗಿ ಕೂತಿದ್ದೆ.

ಒಂದು ಗಂಟೆಯೊಳಗೆ ಭಾವ ಬಂದರು. ನನ್ನವರ ಅಣ್ಣ. ಹಲಸೂರಿನ ಹಳೇ ಮನೆತನ ನಮ್ಮದು. ಅಜ್ಜನ ಕಾಲಕ್ಕೆ ರಾಗಿ ಬೆಳೆಯುತ್ತಿದ್ದ ಹೊಲವೆಲ್ಲ ಲೇಔಟ್ ಆಗಿ, ಭಾವನ ಪಾಲಿಗೆ ಬಾಡಿಗೆ ಬರುವ ಕಟ್ಟಡಗಳೂ ಬಿಳಿ ಬಟ್ಟೆಯೂ ಹಿಂದೆ ಮುಂದೆ ಹತ್ತು ಜನವೂ ಬಂದಿದ್ದವು. ಇವತ್ತು ಬರೆಯುವಾಗಲೂ ನನಗೆ ಅವರ ವಿಷಯದಲ್ಲಿ ಬಹುವಚನವೇ ಬರುತ್ತದೆ. ಎಷ್ಟು ಸಿಟ್ಟಿದ್ದರೂ ಏಕವಚನ ಕೈಗೆ ಸಿಗುವುದಿಲ್ಲ.

“ಯಾರನ್ನ ಕೇಳಿ ಒಪ್ಕೊಂಡೆ?” ಎಂದರು.

“ಅವ್ರನ್ನೇ ಕೇಳಿ ಭಾವ. ಅವ್ರೇ ಬರ್ಕೊಟ್ಟಿದಾರೆ, ನೋಡಿ.”

“ಇಂಥ ಕಾರ್ಡು ನಾನೂ ಹತ್ತು ಮಾಡಿಸ್ಕೊಂಡ್ ಬರ್ತೀನಿ. ನನ್ ತಮ್ಮನ್ನ ಕುಯ್ಯೋಕ್ ಬಿಡಲ್ಲ. ಮುಂದಿನ ಜನ್ಮಕ್ಕೆ ಕುರುಡ ಆಗಿ ಹುಟ್ಬೇಕಾ ಅವ್ನು?” ಆಮೇಲೆ ಡಾಕ್ಟರ ಕಡೆ ತಿರುಗಿದರು. “ನೀವ್ ಕೈ ಹಾಕಿ ನೋಡಿ. ಅಂಗಾಂಗ ಮಾರ್ತಿದಾರೆ ಅಂತ ಸ್ಟೇಷನ್ನಿಗೆ ಹೋಗ್ತೀನಿ. ಟಿವಿಯವ್ರನ್ನೂ ಕರೀತೀನಿ.”

ಡಾಕ್ಟರ ಮುಖ ಸಣ್ಣದಾಯಿತು. ಆ ಹೆಂಗಸು ಮಾತ್ರ ಬಿಡಲಿಲ್ಲ. ಕಾರ್ಡಿನ ಮಾತು ನಿಜವೆಂದು ತೋರಿಸಲು ಕಾರ್ಡಿನ ಮೇಲಿದ್ದ ನಂಬರಿಗೆ ಫೋನ್ ಮಾಡಿದಳು. ಸಂಘ ಮುಚ್ಚಿ ಯಾವ ಕಾಲವಾಗಿತ್ತೋ, ನಂಬರು ಬೇರೆ ಯಾರದೋ ಆಗಿತ್ತು. ಇನ್ನೆರಡು ಕಡೆ ವಿಚಾರಿಸಿದಳು. ಆ ಸಂಘದವರು ಫಾರಂಗಳನ್ನು ಎಲ್ಲೂ ಮುಂದಕ್ಕೆ ಕಳಿಸಿರಲಿಲ್ಲ. ನನ್ನವರ ಹೆಸರು ಎಲ್ಲೂ ದಾಖಲಾಗಿರಲಿಲ್ಲ. ಮಧ್ಯಾಹ್ನ ಎರಡಕ್ಕೆ ಯಂತ್ರವಿದ್ದೂ ಹೃದಯ ನಿಂತಿತು. “ಮೇಡಂ, ಕಣ್ಣಾದ್ರೂ ಕೊಡ್ಬಹುದು, ಇನ್ನೂ ಟೈಮಿದೆ” ಎಂದು ಅವಳು ನನ್ನ ಕಿವಿಯಲ್ಲಿ ಹೇಳಿದಳು. ಭಾವ ಬಾಗಿಲಿಗೆ ಇಬ್ಬರನ್ನು ನಿಲ್ಲಿಸಿದ್ದರು. ಅಪಘಾತದ ಪೊಲೀಸ್ ಕಾಗದಪತ್ರವನ್ನೂ ತಮ್ಮವರಿಂದ ಬೇಗ ಮುಗಿಸಿಕೊಂಡರು. ಇಪ್ಪತ್ತು ವರ್ಷ ಕಬ್ಬಿಣದ ಚೂರಿಗೆ ಸಿಗದೆ ಉಳಿಸಿಕೊಂಡಿದ್ದ ಕಣ್ಣುಗಳು ಸಂಜೆಯೊಳಗೆ ಕಲ್ಪಳ್ಳಿ ಸ್ಮಶಾನದಲ್ಲಿ ಸುಟ್ಟುಹೋದವು.

ಆ ದಿನಗಳಲ್ಲಿ ನನಗೆ ಅನ್ನ ಹಾಕಿದವರು ಅಕ್ಕ, ಅಂದರೆ ಭಾವನ ಹೆಂಡತಿ, ನನ್ನ ಓರಗಿತ್ತಿ. ತಿಥಿಯ ದಿನ ಪಾತ್ರೆ ತೊಳೆಯುತ್ತ ಅವರೊಂದು ಮಾತು ಹೇಳಿದರು. “ಕುರುಡ, ಜನ್ಮ, ಅದೆಲ್ಲ ಬಾಯಿಮಾತು ಕಣೇ. ಮನೆಗ್ ಬಂದು ಏನಂದ್ರು ಗೊತ್ತಾ? ‘ನನ್ನ ಒಂದ್ ಮಾತು ಕೇಳದೆ ಅವ್ಳು ಹೂಂ ಅಂದ್ಲಲ್ಲ, ಹಾಗಾದ್ರೆ ಈ ಮನೇಲಿ ನಾನ್ಯಾರು?’ ಅಂದ್ರು.”

ಅಷ್ಟೇ. ಅಷ್ಟಕ್ಕೇ. ಯಾರೋ ನಾಲ್ಕೈದು ಜನ ಎಲ್ಲೋ ಮಂಚದ ಮೇಲೆ ಕಾಯುತ್ತಿದ್ದರು. ಅವರಿಗೆ ಸೇರಬೇಕಾದ್ದು, ನನ್ನವರು ಕೊಟ್ಟುಹೋದದ್ದು, ಇವರ ದೊಡ್ಡಸ್ತಿಕೆಗೆ ಬೂದಿಯಾಯಿತು. ಅವತ್ತೇ ನಿರ್ಧರಿಸಿದೆ, ಇದನ್ನು ಬಿಡುವುದಿಲ್ಲ ಎಂದು.

ಹಲಸೂರಿನ ಮನೆ ಬಿಟ್ಟು ಕಾಕ್ಸ್ ಟೌನಿನಲ್ಲಿ ಒಂದು ಬೇಕರಿಯ ಮೇಲಿನ ಮನೆ ಹಿಡಿದೆ. ಶಿವಾಜಿನಗರದಲ್ಲಿ ನನ್ನದೊಂದು ಡಿ.ಟಿ.ಪಿ. ಅಂಗಡಿಯಿತ್ತು. ಅರ್ಜಿ, ಅಫಿಡವಿಟ್, ಮದುವೆ ಪತ್ರಿಕೆ ಟೈಪು ಮಾಡುವ ಕೆಲಸ. ಭಾವನ ಕಣ್ಣು ಹೋಗಲಿ ಎಂದು ಹರಕೆ ಹೊರಲು ಒಮ್ಮೆ ದೇವಸ್ಥಾನಕ್ಕೂ ಹೋದೆ. ಗರ್ಭಗುಡಿಯ ಮುಂದೆ ನಿಂತವಳು ಹರಕೆ ಹೊರದೆ ಬಂದೆ. ಮನಸ್ಸು ಕರಗಿತೆಂದಲ್ಲ. ಕಣ್ಣೇ ಹೋದರೆ ನಾನು ಮುಂದೆ ಮಾಡುವುದನ್ನು ಅವರು ನೋಡುವುದು ಹೇಗೆ ಎನಿಸಿತು.

ಮಾಡುವುದೇನೆಂದು ಆಗ ನನಗೂ ಗೊತ್ತಿರಲಿಲ್ಲ. ಒಂದು ಬೆಳಿಗ್ಗೆ ಪೇಪರಿನಲ್ಲಿ ಒಂದು ಪ್ರಕಟಣೆ ನೋಡಿದೆ. ಅಂಗಾಂಗ ಮತ್ತು ಅಂಗಾಂಶ ದಾನಿಗಳನ್ನೆಲ್ಲ ಇಡೀ ರಾಜ್ಯಕ್ಕೆ ಒಂದೇ ಪಟ್ಟಿಯಲ್ಲಿ ನೋಂದಾಯಿಸುವ ಮಸೂದೆ ಬಂದಿದೆ, ಶಾಸಕರ ಸಮಿತಿ ಅದನ್ನು ಪರಿಶೀಲಿಸುತ್ತಿದೆ, ಸಾರ್ವಜನಿಕರು ಅಭಿಪ್ರಾಯ ಕಳಿಸಬಹುದು ಎಂದಿತ್ತು. ಅಂಗಡಿಯ ಬಾಗಿಲು ಅರ್ಧ ಎಳೆದುಕೊಂಡು ಕೂತು ಟೈಪು ಮಾಡಿದೆ. ಬೇರೆಯವರ ಸಾವಿರಾರು ಅರ್ಜಿ ಬಡಿದವಳು ನನ್ನ ಅರ್ಜಿಯನ್ನು ನಾಲ್ಕು ಸಲ ಅಳಿಸಿ ಬರೆದೆ. ಮೊದಲ ಸಾಲಿನಲ್ಲಿ ‘ಜನಹಿತ ದೃಷ್ಟಿಯಿಂದ’ ಎಂದು ಬರೆದೆ. ಅದು ಸುಳ್ಳಲ್ಲ. ಆದರೆ ಆ ಅರ್ಜಿ ಬರೆಸಿದ್ದು ಜನಹಿತವಲ್ಲ.

ಎರಡು ತಿಂಗಳಿಗೆ ಕರೆ ಬಂತು. ಉದ್ದನೆಯ ಮೇಜು, ಸುತ್ತ ಸಮಿತಿಯವರು. ನನಗೆ ಕೊಟ್ಟದ್ದು ಹತ್ತು ನಿಮಿಷ. ಆಸ್ಪತ್ರೆಯಲ್ಲಿ ನಡೆದದ್ದನ್ನೆಲ್ಲ ಹೇಳಿದೆ. ಒಬ್ಬ ವಯಸ್ಸಾದ ಸದಸ್ಯರು ಕೇಳಿದರು:

“ಪಟ್ಟೀಲಿ ಹೆಸರಿದ್ರೂ ಮನೆಯವ್ರು ಬೇಡ ಅಂದ್ರೆ ಡಾಕ್ಟರು ಏನಮ್ಮಾ ಮಾಡೋದು? ಹೊಡೆದಾಟ ಆಗಲ್ವಾ?”

“ಸಾರ್, ಸೈಟಿಗೆ ವಿಲ್ ಬರೆದಿಟ್ರೆ, ಅಣ್ಣ ಬೇಡ ಅಂದ ಅಂತ ಯಾರೂ ಅದನ್ನ ಹರಿದು ಹಾಕಲ್ಲ. ಸೈಟಿಗಿರೋ ಮರ್ಯಾದೆ ಕಣ್ಣಿಗಿಲ್ವಾ?”

ಯಾರೋ ನಕ್ಕರು, ಕೇಳಿದವರು ನಗಲಿಲ್ಲ, ಏನೋ ಗುರುತು ಮಾಡಿಕೊಂಡರು. ನಾನು ಎರಡು ಕೇಳಿದೆ. ನೋಂದಾಯಿಸುವವರು ತಮ್ಮ ಪರವಾಗಿ ಮಾತಾಡಲು ಒಬ್ಬರನ್ನು ಹೆಸರಿಸುವಂತಿರಬೇಕು. ಬೇಡ ಎನ್ನುವವರು ಯಾಕೆ ಬೇಡವೆಂದು ಬರೆದು ಕೆಳಗೆ ಸಹಿ ಹಾಕಬೇಕು. ಆಮೇಲೆ ನಾನು ಕಾದಿದ್ದ ಜಾಗ ಬಂತು. “ಅಡ್ಡ ಬಂದವ್ರ ಹೆಸರು ಏನಂದ್ರೆ...” ಎನ್ನುವಷ್ಟರಲ್ಲಿ ಅಧ್ಯಕ್ಷರು ಕೈ ಎತ್ತಿದರು. “ಹೆಸರು ಬೇಡಮ್ಮಾ. ಇದು ಕೋರ್ಟಲ್ಲ.” ಮನೆಗೆ ಬಂದು ಅವತ್ತು ಊಟ ಮಾಡಲಿಲ್ಲ. ಸರ್ಕಾರದ ಕಡತದಲ್ಲಿ ಭಾವನ ಹೆಸರು ಬರೆಸಬೇಕೆಂದೇ ಅಷ್ಟು ದೂರ ಹೋಗಿದ್ದೆ.

ಮಸೂದೆಯ ಸುದ್ದಿ ದಿನಾ ಪೇಪರಿನಲ್ಲಿ ಬರತೊಡಗಿತು. ನನ್ನ ಪಕ್ಕದ ಅಂಗಡಿ ಬ್ಯಾನರು ಮುದ್ರಿಸುವ ಭಾಯ್‌ದು. ಮನೆಯಲ್ಲಿ ದಖನಿ, ಅಂಗಡಿಯಲ್ಲಿ ನಾಲ್ಕು ಭಾಷೆ. ಒಂದು ದಿನ ನನ್ನನ್ನು ಕರೆದರು.

“ಆಪಾ, ಇಲ್ಲಿ ನೋಡಿ. ಇವ್ರು ನಿಮ್ ಭಾವ ಅಲ್ವಾ?”

ಪರದೆಯ ಮೇಲೆ ಭಾವ ಕೈ ಮುಗಿದು ನಿಂತಿದ್ದರು. ಅವರ ಹುಟ್ಟುಹಬ್ಬದ ಪ್ರಯುಕ್ತ ‘ಅಂಗಾಂಗ ದಾನ ಮಹಾದಾನ, ಬೃಹತ್ ಪ್ರತಿಜ್ಞಾ ಶಿಬಿರ.’ ಕಾರ್ಪೊರೇಷನ್ ಟಿಕೆಟ್ಟಿನ ಮೇಲೆ ಅವರ ಕಣ್ಣಿತ್ತು, ಟಿಕೆಟ್ ಕೊಡಿಸುವ ಮುಖಂಡರು ಮುಖ್ಯ ಅತಿಥಿ.

“ಪ್ರಿಂಟ್ ಮಾಡ್ಲಾ, ಬೇಡ್ವಾ? ನೀವ್ ಬೇಡ ಅಂದ್ರೆ ಮಿಷಿನ್ ಕೆಟ್ಟಿದೆ ಅಂತೀನಿ.”

“ಮಾಡಿ ಭಾಯ್. ದೊಡ್ಡದಾಗಿ ಮಾಡಿ.” ಅಂಗಾಂಗ ಎನ್ನುವಲ್ಲಿ ಒಂದು ಸೊನ್ನೆ ಬಿಟ್ಟುಹೋಗಿತ್ತು. ನಾನೇ ತಿದ್ದಿಕೊಟ್ಟೆ.

ಭಾನುವಾರ ಹಲಸೂರಿನ ಕಲ್ಯಾಣಮಂಟಪಕ್ಕೆ ರೇಷ್ಮೆ ಸೀರೆ ಉಟ್ಟು ಹೋದೆ. ಯಾರಾದರೂ ಎರಡು ಮಾತಾಡಿ ಎಂದು ನಿರೂಪಕರು ಕರೆದದ್ದೇ ತಡ, ವೇದಿಕೆ ಹತ್ತಿ ಮೈಕು ಹಿಡಿದೆ. “ನಾನು ಇವ್ರ ತಮ್ಮನ ಹೆಂಡತಿ” ಎಂದಾಗ ಜನ ಚಪ್ಪಾಳೆ ತಟ್ಟಿದರು. ಆಮೇಲೆ ತಟ್ಟಲಿಲ್ಲ. ಹತ್ತು ದಿನ ಕನ್ನಡಿಯ ಮುಂದೆ ಅಭ್ಯಾಸ ಮಾಡಿದ್ದೆ. ಆಸ್ಪತ್ರೆಯಲ್ಲಿ ನಡೆದದ್ದನ್ನು ಒಂದು ಮಾತೂ ತಪ್ಪದೆ ಹೇಳಿದೆ. ಅವತ್ತು ಬಾಗಿಲಿಗೆ ನಿಲ್ಲಿಸಿದ್ದ ಇಬ್ಬರು ಅಲ್ಲೇ ಎರಡನೇ ಸಾಲಿನಲ್ಲಿದ್ದರು, ಅವರನ್ನೂ ಬೆರಳು ಮಾಡಿ ತೋರಿಸಿದೆ.

ಭಾವ ಎದ್ದು ಬಂದರು. ಮೈಕು ಕಿತ್ತುಕೊಳ್ಳುತ್ತಾರೆ, ಬೈಯುತ್ತಾರೆ ಎಂದುಕೊಂಡಿದ್ದೆ. ಬೈಯಲಿ ಎಂದೇ ಹೋಗಿದ್ದೆ. ಅವರು ಅತ್ತುಬಿಟ್ಟರು. “ನನ್ ತಮ್ಮನ ಮೇಲಿನ ಪ್ರೀತಿ ನನ್ನ ಕುರುಡು ಮಾಡಿತ್ತು. ಇವತ್ತು ನನ್ ತಂಗಿ ಕಣ್ ತೆರೆಸಿದ್ಲು” ಎಂದರು. ಸಭೆಗೆ ಸಭೆಯೇ ಚಪ್ಪಾಳೆ. ಮುಖಂಡರು ಅವರನ್ನು ಅಪ್ಪಿಕೊಂಡರು. ನಾನು ಕಟ್ಟಿಕೊಂಡು ಹೋದದ್ದನ್ನೆಲ್ಲ ಅವರು ಒಂದೇ ನಿಮಿಷದಲ್ಲಿ ತಮ್ಮದು ಮಾಡಿಕೊಂಡರು. ಬಗ್ಗಿ ನನಗೆ ಮಾತ್ರ ಕೇಳುವಂತೆ, “ಸಮಾಧಾನ ಆಯ್ತಾ ತಾಯಿ?” ಎಂದರು.

ಮೈಕು ಇನ್ನೂ ನನ್ನ ಕೈಯಲ್ಲೇ ಇತ್ತು. “ಭಾವ, ಹಾಗಾದ್ರೆ ಮೊದಲನೇ ಫಾರಂ ನೀವೇ ತುಂಬಿ. ಈಗ್ಲೇ.”

ಕ್ಯಾಮೆರಾಗಳು ಹತ್ತಿರ ಬಂದವು. ತುಂಬಲೇಬೇಕಾಯಿತು. ಯಾವ ಯಾವ ಅಂಗ ಎಂದು ಗುರುತು ಹಾಕುವ ಪಟ್ಟಿಯಲ್ಲಿ ಕಣ್ಣು ಎನ್ನುವ ಜಾಗಕ್ಕೆ ಬಂದಾಗ ಪೆನ್ನು ನಿಂತಿತು. ಆ ಮುಖದಲ್ಲಿ ನಾನು ಭಯ ನೋಡಿದೆ. ಅದುವರೆಗೂ ಆ ಕುರುಡ, ಮುಂದಿನ ಜನ್ಮ ಎಲ್ಲ ಬಾಯಿಮಾತೆಂದುಕೊಂಡಿದ್ದೆ. ನಿಜವಾಗಿ ಹೆದರಿದ್ದರು. ಪಾಪ ಎನಿಸಬೇಕಿತ್ತು. ಎನಿಸಲಿಲ್ಲ. “ಎಲ್ಲಾನೂ ಭಾವ” ಎಂದೆ. ಗುರುತು ಹಾಕಿದರು.

ಮಾರನೆಯ ದಿನ ಪೇಪರಿನಲ್ಲಿ ಅವರ ಫೋಟೋ, ನಾನು ಅಂಚಿನಲ್ಲಿ ಅರ್ಧ. ಭಾಯ್ ಅದನ್ನು ಮಡಿಸಿ ಬದಿಗಿಟ್ಟು ನನಗೆ ಚಹಾ ತರಿಸಿದರು.

ಮಸೂದೆ ಪಾಸಾಗಿ ಕಾನೂನಾಯಿತು. ನಾನು ಕೇಳಿದ್ದೆಲ್ಲ ಅದರಲ್ಲಿ ಬರಲಿಲ್ಲ. ಮನೆಯವರು ಈಗಲೂ ಬೇಡ ಎನ್ನಬಹುದು. ಆದರೆ ಆಸ್ಪತ್ರೆಯವರು ಮೊದಲು ಪಟ್ಟಿ ನೋಡಬೇಕು, ಅದರಲ್ಲಿ ಹೆಸರಿಸಿದವರನ್ನು ಕರೆಸಿ ಕೇಳಬೇಕು, ಅಡ್ಡ ಬಂದವರು ಕಾರಣ ಬರೆದು ಸಹಿ ಮಾಡಬೇಕು. ಆ ಸಹಿಯ ಸಾಲು ಓದಿದಾಗ ಅಂಗಡಿಯಲ್ಲಿ ಒಬ್ಬಳೇ ನಕ್ಕೆ. ಒಳ್ಳೆಯ ನಗುವಲ್ಲ ಅದು.

ನೋಂದಣಿ ಶುರುವಾದ ಮೇಲೆ ಒಂದು ಬೆಳಿಗ್ಗೆ ಅಕ್ಕ ಅಂಗಡಿಗೆ ಬಂದರು. ಒಬ್ಬರೇ ಬಂದದ್ದು ನಾನು ಕಂಡಂತೆ ಅದೇ ಮೊದಲು. ಬ್ಯಾಗಿನಿಂದ ಆಧಾರ್ ಕಾರ್ಡು ತೆಗೆದು ಮೇಜಿನ ಮೇಲಿಟ್ಟರು.

“ನಂದೂ ತುಂಬು.”

“ಭಾವಂಗೆ ಗೊತ್ತಾ ಅಕ್ಕ?”

“ಅವ್ರದ್ದೇ ಅವ್ರು ಶಿಬಿರ ಆದ್ ಮೂರನೇ ದಿನ ವಾಪಸ್ ತಗೊಂಡ್ರು. ನಿಂಗ್ ಹೇಳಿರ್ಲಿಲ್ಲ, ಅಷ್ಟೇ. ನಂಗೇನಾದ್ರೂ ಆದ್ರೆ ಅವತ್ತು ಮಾಡ್ದಂಗೇ ಮಾಡ್ತಾರೆ. ಮಾತಾಡೋರ ಹೆಸರು ಅಂತ ಒಂದಿದೆಯಂತಲ್ಲ, ಅಲ್ಲಿ ನಿನ್ನ ಹೆಸರು ಹಾಕು. ನೀನಾದ್ರೆ ಬಿಡಲ್ಲ.”

ನನ್ನ ಕಣ್ಣೆದುರು ಆ ದೃಶ್ಯ ಬಂತು. ಮತ್ತೆ ಒಂದು ಆಸ್ಪತ್ರೆ, ಅದೇ ಭಾವ, ಆದರೆ ಈ ಸಲ ಕಾಗದದಲ್ಲಿ ನನ್ನ ಹೆಸರು. “ಬರೀರಿ ಭಾವ, ಯಾಕ್ ಬೇಡ ಅಂತ ಬರೀರಿ, ಸಹಿ ಮಾಡಿ” ಎಂದು ಅವರ ಮುಂದೆ ಪೆನ್ನು ಹಿಡಿಯುತ್ತೇನೆ. ಖುಷಿಯಲ್ಲಿ ಅಕ್ಕನ ಹೆಸರು ಟೈಪು ಮಾಡುತ್ತಿದ್ದವಳಿಗೆ ಹುಟ್ಟಿದ ದಿನಾಂಕದ ಹತ್ತಿರ ಬಂದಾಗ ಬೆರಳು ನಿಂತಿತು. ಅದೆಲ್ಲ ನಡೆಯಬೇಕಾದರೆ ಅಕ್ಕ ಸಾಯಬೇಕಿತ್ತು. ನನ್ನ ತಲೆಗೆ ಎಣ್ಣೆ ಹಚ್ಚಿ, ಬಾಯಿಗೆ ತುತ್ತಿಟ್ಟ ಅಕ್ಕ, ಎದುರಿಗೆ ಕೂತು ಸೆರಗಿನಿಂದ ಕನ್ನಡಕ ಒರೆಸುತ್ತಿದ್ದರು.

“ಬಿಪಿ ಮಾತ್ರೆ ತಗೊಂಡ್ರಾ ಅಕ್ಕ?” ಎಂದೆ.

“ತಗೊಂಡೆ ಕಣೇ. ಮೊದ್ಲು ಅದು ತುಂಬು.”

ತುಂಬಿದೆ. ಅವರ ಮೊಬೈಲಿಗೆ ನೋಂದಣಿಯ ಸಂದೇಶ ಬಂತು, ಭಾವ ನೋಡಿಯಾರೆಂದು ಅಕ್ಕನೇ ಅಳಿಸಿದರು. ಆಟೋ ಹತ್ತಿಸಿ, ನಿಧಾನವಾಗಿ ಹೋಗಿ ಎಂದು ಡ್ರೈವರಿಗೆ ಎರಡು ಸಲ ಹೇಳಿದೆ.

ಭಾವನ ಮೇಲಿನ ಸಿಟ್ಟು ಅದರಿಂದೇನೂ ಕಡಿಮೆಯಾಗಿಲ್ಲ. ಕಳೆದ ತಿಂಗಳು ನಾದಿನಿಯ ಮೊಮ್ಮಗಳ ನಾಮಕರಣದಲ್ಲಿ ಸಿಕ್ಕಿದ್ದರು. ಅವರ ವಾರ್ಡಿನ ಟಿಕೆಟ್ಟು ಇನ್ನೂ ತೀರ್ಮಾನವಾಗಿರಲಿಲ್ಲ. “ಚೆನ್ನಾಗಿದೀಯಾ ತಾಯಿ?” ಎಂದರು.

“ಚೆನ್ನಾಗಿದೀನಿ ಭಾವ” ಎಂದೆ. ಊಟಕ್ಕೆ ಅವರ ಎದುರಿನ ಪಂಕ್ತಿಯಲ್ಲೇ ಕೂತೆ. ಅವರು ತಲೆ ಎತ್ತಿದಾಗಲೆಲ್ಲ ನಾನು ನೋಡುತ್ತಿದ್ದೆ. ಹೋಳಿಗೆ ಎರಡು ಸಲ ಹಾಕಿಸಿಕೊಂಡೆ. ಅವರು ಮೊಸರನ್ನಕ್ಕೆ ಕಾಯದೆ ಎದ್ದುಹೋದರು.