ತಲೈವರ್ ಓದಿ ಹೇಳುವ ಅರ್ಜಿ

ಗಲ್ಫಿನ ಸಾಲ್ಮಿಯಾದಲ್ಲಿರುವ ಲಂಕೆಯವರಿಗೆಲ್ಲ ತಲೈವರ್, ಅಂದರೆ ನಾಯಕ, ಜಾಫ್ನಾದ ತಮಿಳ ತುರೈರಾಜಾ ಒಬ್ಬರೇ. ಹಂಝಾಕರ ಹೋಟೆಲಿನ ಮೂಲೆಮೇಜೇ ಅವರ ಪಾರ್ಲಿಮೆಂಟು. ಶುಕ್ರವಾರ ಬಂತೆಂದರೆ ಮನೆಗೆಲಸದ ಸಿಂಹಳ ಹೆಂಗಸರು, ಪಾಸ್‌ಪೋರ್ಟ್ ವಾಪಸು ಕೊಡದ ಕಫೀಲ್ ಧಣಿಗಳ ಮೇಲಿನ ದೂರು ಹೊತ್ತು ಅಲ್ಲಿ ಸಾಲುಗಟ್ಟುತ್ತಾರೆ. ತಲೈವರ್ ಲಂಕೆಯ ರಾಯಭಾರ ಕಚೇರಿಗೆ ಅಚ್ಚ ಸಿಂಹಳದಲ್ಲಿ ಅರ್ಜಿ ಬರೆಯುತ್ತಾರೆ. ಬರೆದದ್ದನ್ನು ಮೂರು ಸಲ ಓದಿ ಹೇಳದೆ, ಸಾಕ್ಷಾತ್ ರಾಯಭಾರಿಯೇ ಬಂದು ನಿಂತರೂ, ಸಹಿಗೆ ಪೆನ್ನು ಕೊಡುವವರಲ್ಲ. "ಯಲ್ಲಾ ತಲೈವರೇ, ಬಿರಿಯಾನಿ ಖಲಾಸ್ ಆಗ್ತದೆ!" ಎಂದು ಹಂಝಾಕ ಕೂಗುತ್ತಲೇ ಇರುತ್ತಾರೆ. ಇಷ್ಟು ಚಂದದ ಸಿಂಹಳ ಎಲ್ಲಿ ಕಲಿತಿರಿ ಎಂದು ಒಮ್ಮೆ ಕೇಳಿದೆ. "ಜೈಲಲ್ಲಿ, ತಂಬಿ," ಎಂದರು, ಮಂಗಳೂರಿನವರ ರೂಮಿನಲ್ಲಿದ್ದು ಕಲಿತ ಕನ್ನಡದಲ್ಲಿ. "ಪೊಲೀಸರು ಸಿಂಹಳದ ಕಾಗದಕ್ಕೆ ಸಹಿ ಹಾಕಿಸಿದ್ರು. ಅದು ನನ್ನ ತಪ್ಪೊಪ್ಪಿಗೆ ಅಂತ ಓದಿ ತಿಳಿಲಿಕ್ಕೆ ಎರಡು ವರ್ಷ ಬೇಕಾಯ್ತು."