ಪಟ್ಟಿಯಲ್ಲಿ ಇಲ್ಲದ ತಿನಿಸು

ನಿವೃತ್ತಿಗೆ ಮುಂಚೆ ಮೂವತ್ತು ವರ್ಷ ನಾನು ಸರ್ಕಾರಿ ಆರೋಗ್ಯ ಸಹಾಯಕಿ. ಎಲ್ಲಿಯಾದರೂ ವಾಂತಿಭೇದಿ ಎಂದರೆ ಮನೆಮನೆಗೆ ಹೋಗಿ ಯಾರು ಏನು ತಿಂದರು, ಎಲ್ಲಿಯ ನೀರು ಕುಡಿದರು ಎಂದು ಬರೆದುಕೊಳ್ಳುವುದು ನನ್ನ ಕೆಲಸವಾಗಿತ್ತು. ಸ್ವೀಡನ್ನಿನ ಸೊಲ್ಲೆಂಟುನಾದಲ್ಲಿರುವ ಮಗಳ ಮನೆಗೆ ಬಂದ ಮೊದಲ ಚಳಿಗಾಲದಲ್ಲೇ ಆ ಕೆಲಸ ಮತ್ತೆ ಕೈಗೆ ಬಂತು. ಯಾರೂ ಕರೆದು ಕೊಟ್ಟದ್ದಲ್ಲ.

ಶನಿವಾರ ಕನ್ನಡದವರೆಲ್ಲ ಒಂದು ಬಾಡಿಗೆ ಹಾಲಿನಲ್ಲಿ ಸೇರಿ ಸಂಕ್ರಾಂತಿ ಮಾಡಿದ್ದೆವು. ಭಾನುವಾರ ಸಂಜೆಯಿಂದ ಒಬ್ಬೊಬ್ಬರಿಗೆ ವಾಂತಿ ಶುರುವಾಯಿತು. ಸೋಮವಾರದ ಹೊತ್ತಿಗೆ ಫೋನಿನಲ್ಲೇ ತೀರ್ಪು ಆಗಿಹೋಗಿತ್ತು: ಕೋಸಂಬರಿ. ಅದನ್ನು ಮಾಡಿದವಳು ಪಕ್ಕದ ಊರು ಕಿಸ್ಟಾದಲ್ಲಿರುವ ಹುಡುಗಿ, ಗಂಡನ ಜೊತೆ ಬಂದು ಆರು ತಿಂಗಳಾಗಿತ್ತು. ಯುಗಾದಿಯ ಅಡುಗೆಯನ್ನು ಅವಳಿಗೇ ಒಪ್ಪಿಸಿದ್ದವರು ಈಗ ಬೇಡ ಎಂದರು. ಅವಳು ನನ್ನ ಮಗಳಿಗೆ ಫೋನ್ ಮಾಡಿ ಅತ್ತಳು.

ನನಗೆ ಕನಿಕರಕ್ಕಿಂತ ಮೊದಲು ಬಂದದ್ದು ಅನುಮಾನ. ಕೆಟ್ಟ ಅಡುಗೆ ಇಷ್ಟು ನಿಧಾನವಾಗಿ ಕೆಲಸ ಮಾಡುತ್ತದೆಯೇ? ಹಾಳೆಗೆ ಗೆರೆ ಎಳೆದೆ. ಎಡಕ್ಕೆ ಜನ, ಮೇಲೆ ಪೊಂಗಲ್, ಗೊಜ್ಜು, ಕೋಸಂಬರಿ, ಪಾಯಸ, ಮಜ್ಜಿಗೆ. ಬೆಳಿಗ್ಗೆ ಹತ್ತಕ್ಕೆ ಫೋನ್ ಹಿಡಿದು ಕೂತೆ.

"ಅಮ್ಮಾ, ಇಲ್ಲಿ ಯಾರೂ ಹೀಗೆ ಫೋನ್ ಮಾಡಿ ಭೇದಿ ಆಯ್ತಾ ಅಂತ ಕೇಳಲ್ಲ," ಎಂದಳು ಮಗಳು.

"ನಾನೇನು ಸ್ವೀಡನ್ನಿನವರನ್ನ ಕೇಳ್ತಿದೀನಾ? ನಮ್ಮೋರನ್ನ ಕೇಳ್ತಿದೀನಿ ಕಣೆ."

ನಮ್ಮವರು ಧಾರಾಳವಾಗಿ ಹೇಳಿದರು. ಕೋಸಂಬರಿಯನ್ನು ಎರಡು ಸಲ ಹಾಕಿಸಿಕೊಂಡವರು ಗಟ್ಟಿಯಾಗಿದ್ದರು. ಕೊನೆಯಲ್ಲಿ ಕೂತು, ಅದು ಮುಗಿದುಹೋಗಿ ಸಿಗದೇ ಇದ್ದವರು ಮಲಗಿದ್ದರು. ಉಳಿದ ಯಾವ ಅಡುಗೆಯೂ ಹೊಂದಲಿಲ್ಲ. ಕೋಸಂಬರಿ ಅಲ್ಲ ಎನ್ನುವುದೇನೋ ಗೊತ್ತಾಯಿತು. ಆದರೆ ಬೇರೇನು ಎಂದು ತೋರಿಸದೆ ಜನ ಒಪ್ಪುವುದಿಲ್ಲ, ಅದು ನನಗೆ ಹಳೆಯ ಅನುಭವ.

ಬುಧವಾರ ಒಬ್ಬ ತಾಯಿ ತನ್ನ ಐದು ವರ್ಷದ ಮಗಳ ಬಗ್ಗೆ ಹೇಳಿದಳು: "ಅವಳಿಗೂ ವಾಂತಿ ಆಂಟಿ. ಆದ್ರೆ ಅವಳು ಊಟಾನೇ ಮಾಡ್ಲಿಲ್ಲ."

"ಏನೂ ತಿನ್ನಲೇ ಇಲ್ವಾ?"

"ಬರೀ ಎಳ್ಳು ಬೆಲ್ಲ ಮುಕ್ಕಿದ್ಲು."

ಪೆನ್ನು ನಿಂತಿತು. ಎಳ್ಳು ಬೆಲ್ಲವನ್ನು ನಾನು ಬರೆದೇ ಇರಲಿಲ್ಲ. ಊಟ ಏನು ಮಾಡಿದಿರಿ ಎಂದರೆ ಅದನ್ನು ಯಾರು ಹೇಳುತ್ತಾರೆ? ಅದು ಊಟವಲ್ಲ, ಹಬ್ಬ. ಹೊಸ ಕಾಲಂ ಎಳೆದು ಎಲ್ಲರಿಗೂ ಮತ್ತೆ ಫೋನ್ ಮಾಡಿದೆ. ಮಲಗಿದ್ದವರಲ್ಲಿ ಬಹುತೇಕ ಎಲ್ಲರೂ ಅಲ್ಲೇ ಬಾಯಿಗೆ ಹಾಕಿಕೊಂಡವರು. ಸಕ್ಕರೆ ಕಾಯಿಲೆಯ ದಂಪತಿ ಕಾಗದದಲ್ಲಿ ಕಟ್ಟಿಕೊಂಡು ಹೋಗಿ ಡಬ್ಬಿಯಲ್ಲಿ ಇಟ್ಟಿದ್ದರು. ಅವರಿಗೆ ಏನೂ ಆಗಿರಲಿಲ್ಲ.

ಬಾಗಿಲಲ್ಲಿ ನಿಂತು ಎಳ್ಳು ಬೀರಿದವಳು ನಾನು. ಚಮಚ ಇಲ್ಲದೆ, ಹಿಡಿ ಹಿಡಿಯಾಗಿ.

ಅದಕ್ಕೆ ಮೂರು ದಿನ ಮುಂಚೆ ಮೊಮ್ಮಗ ದಾಗಿಸ್‌ನಿಂದ, ಅಂದರೆ ಶಿಶುವಿಹಾರದಿಂದ, ವಾಂತಿ ತಂದಿದ್ದ. ವಾಸಿಯಾದ ಮೇಲೂ ಎರಡು ದಿನ ಕಳಿಸಬೇಡಿ ಎಂದು ಅಲ್ಲಿಯವರು ಹೇಳಿದ್ದನ್ನು ಚಾಚೂ ತಪ್ಪದೆ ನಡೆಸಿದವಳೂ ನಾನೇ. ಶುಕ್ರವಾರ ಬೆಳಿಗ್ಗೆ ನನಗೂ ಒಂದು ಸಲ ವಾಂತಿಯಾಗಿತ್ತು. ಬ್ರೆಡ್ಡು ಒಗ್ಗಲಿಲ್ಲ ಎಂದುಕೊಂಡೆ.

ಅಡುಗೆಯ ಉಸ್ತುವಾರಿ ನೋಡುತ್ತಿದ್ದವರಿಗೆ ಫೋನ್ ಮಾಡಿ ಪಟ್ಟಿ ಓದಿ ಹೇಳಿದೆ. "ಬಿಡಿ ಆಂಟಿ, ನಿಮ್ಮ ಹೆಸರು ಯಾಕೆ ಬರಬೇಕು," ಎಂದರು. "ಹಾಗಾದರೆ ಆ ಕೋಸಂಬರಿ ಹುಡುಗಿಯ ಹೆಸರು ಯಾಕೆ ಬಂತು?" ಎಂದೆ. ಯುಗಾದಿ ಅಡುಗೆ ಅವಳದೇ ಎಂದರು ಅವರು. ಎಲ್ಲರಿಗೂ ಕಾರಣವನ್ನೂ ತಿಳಿಸುವುದಾಗಿ ಒಪ್ಪಿಕೊಂಡರು.

ಆ ಹುಡುಗಿಗೆ ನಾನೇ ಹೇಳಿದೆ. ಅವಳು, "ಮತ್ತೆ ನನಗ್ಯಾಕೆ ಬರಲಿಲ್ಲ ಆಂಟಿ? ನೀವು ನನಗೂ ಕೊಟ್ರಲ್ಲ," ಎಂದಳು.

ನನಗೆ ಆಸಕ್ತಿ ಹುಟ್ಟಿತು. "ಎಷ್ಟು ತಿಂದೆ?"

"ಬೈಬಾರ್ದು. ನನಗೆ ಎಳ್ಳು ಸೇರಲ್ಲ. ಇನ್ನೂ ಕೋಟಿನ ಜೇಬಲ್ಲೇ ಇದೆ."

"ಬಿಸಾಡು," ಎಂದೆ. "ಆಮೇಲೆ ಸೋಪು ಹಾಕಿ ಕೈ ತೊಳ್ಕೋ."