ಪಡಸಾಲೆಯ ಒಂಟಿ ಸೀನು

ಪಡಸಾಲೆಯಲ್ಲಿ ಹರೆಯದ ಗಂಡ ಹೆಂಡತಿ ಇಬ್ಬರು ಬಂದು ಕೂತಿದ್ದಾರೆ. ನಮ್ಮ ಮನೆಯನ್ನು ಕೊಳ್ಳಬೇಕಂತೆ. ಬಾಗಿಲ ಮೇಲೆ ನಾನೇ ಕಸೂತಿ ಹಾಕಿದ ಎರಡು ಗಿಳಿಗಳ 'ವೆಲ್‌ಕಮ್' ಇದೆ. ಅದರ ಕೆಳಗೇ ಹಾದು ಬಂದವರನ್ನು ಹೋಗಿ ಎನ್ನುವಂತಿಲ್ಲ. ನಮ್ಮವರು ಮೊಣಕಾಲು ಸವರಿಕೊಳ್ಳುತ್ತಾ "ನೋಡೂಣ್ರಿ, ನೋಡೂಣ್ರಿ" ಎನ್ನುತ್ತಿದ್ದಾರೆ. ಇತ್ತೀಚೆಗೆ ಅವರಿಗೆ ಬೆಳಗಾವಿಯಲ್ಲಿ ಲಿಫ್ಟ್ ಇರುವ ಫ್ಲ್ಯಾಟಿನ ಕನಸು ಬೀಳುತ್ತಿದೆ. ಹಾಗಾಗಿ ಆ "ನೋಡೂಣ್ರಿ"ಯ ದನಿ ನನಗೆ ಸರಿಕಾಣಲಿಲ್ಲ. ಚಹಾಕ್ಕೆಂದು ಒಳಗೆ ಬಂದವಳ ಕಣ್ಣಿಗೆ ಮೊದಲು ಬಿದ್ದದ್ದು ಗೋಡೆಯ ಮೊಳೆಗೆ ತೂಗುಹಾಕಿದ ಕಬ್ಬಿಣದ ಹಂಚು, ಅಂದರೆ ಹುರಿಯುವ ಕಾವಲಿ. ನೀರು ಕುದಿಯುವಷ್ಟರಲ್ಲಿ ಅದರ ಸಂಗತಿ ಹೇಳಿಬಿಡುತ್ತೇನೆ, ಕೇಳಿ.

ಎಂಬತ್ತರ ದಶಕದ ಕೊನೆಯ ಮಾತು. ನಮ್ಮವರಿಗೆ ನೀರಾವರಿ ಇಲಾಖೆಯಲ್ಲಿ ನೌಕರಿ. ಅಥಣಿ, ರಾಯಬಾಗ, ಚಿಕ್ಕೋಡಿ, ಹೀಗೆ ಕಾಲುವೆಯ ನೀರು ತಲುಪದ ಕಡೆಗೂ ನಮ್ಮ ವರ್ಗಾವಣೆ ತಲುಪುತ್ತಿತ್ತು. ಅಥಣಿಯ ಬಾಡಿಗೆ ಮನೆಯ ಮಾಲಕಿ ನಾವು ಸೇದುವ ನೀರಿನ ಕೊಡ ಎಣಿಸುತ್ತಿದ್ದಳು. ರಾಯಬಾಗದ ಮಾಲಕ ತನ್ನ ಎಮ್ಮೆಯನ್ನು ನಮ್ಮ ಬಾಗಿಲಿಗೇ ಕಟ್ಟುತ್ತಿದ್ದ. ಬೇರೆ ಯಾವುದರಲ್ಲೂ ಹೊಂದದ ಈ ಮಾಲಕರೆಲ್ಲ ಒಂದು ವಿಷಯದಲ್ಲಿ ಮಾತ್ರ ಒಂದೇ ಮಾತಿನವರು: "ಗ್ವಾಡಿಗಿ ಮೊಳಿ ಹೊಡೀಬ್ಯಾಡ್ರಿ." ಬೆಳಗಾವಿಯ ಕಾನ್ವೆಂಟಿನಲ್ಲಿ ಕೂತು ನಾನು ಹಾಕಿದ ಕಸೂತಿಗೆ ನನ್ನ ಅಪ್ಪ ಗಾಜಿನ ಚೌಕಟ್ಟು ಕಟ್ಟಿಸಿ ಕೊಟ್ಟಿದ್ದರು. ಒಂದು ಗಿಳಿಯ ಕೊಕ್ಕು ಕೆಂಪು. ದಾರ ಮುಗಿದದ್ದರಿಂದ ಇನ್ನೊಂದರದು ಕೇಸರಿ. ಮೂರು ಊರುಗಳಲ್ಲೂ ಆ ಗಿಳಿಗಳು ಹಳೆಯ ಟವೆಲ್ಲು ಹೊದ್ದು ಮಂಚದ ಹಿಂದೆ ಗೋಡೆಗೆ ಮುಖ ಮಾಡಿ ನಿಂತಿದ್ದವು, ಶಿಕ್ಷೆಗೆ ನಿಲ್ಲಿಸಿದ ಹುಡುಗಿಯರ ಹಾಗೆ. ನನಗೆ ಬಂಗಲೆಯ ಆಸೆ ಇರಲಿಲ್ಲ. ಯಾರನ್ನೂ ಕೇಳದೆ ಒಂದು ಮೊಳೆ ಹೊಡೆಯುವಂಥ ಗೋಡೆ ಬೇಕಿತ್ತು.

ನಿಪ್ಪಾಣಿಗೆ ವರ್ಗವಾಗಿ ಬಂದಾಗ ಚಂಪಾ ಆಯಿಯ ಮನೆ ಮಾರಾಟಕ್ಕಿದೆ ಎಂದು ತಿಳಿಯಿತು. ಆಯಿ ಜೈನರ ಮನೆಯ ಹಿರಿಯ ಹೆಣ್ಣುಮಗಳು, ಗಂಡ ತೀರಿಕೊಂಡಿದ್ದರು. "ಬಸದಿ ಹತ್ರ ಎರಡ ಖೋಲಿ ಸಾಕ್ರಿ ನನಗ. ಇಷ್ಟ ದೊಡ್ಡ ಮನಿ ಕಸಾ ಹೊಡದು ಹೊಡದು ಸಾಕಾಗೇತಿ" ಎನ್ನುತ್ತಿದ್ದರು. ಮರದ ಕಂಬಗಳ ಪಡಸಾಲೆ, ಕಿಟಕಿಗೆ ಬಣ್ಣದ ಗಾಜು, ಹಿತ್ತಲಿಗೆ ಅಂಟಿಕೊಂಡು ತಂಬಾಕಿನ ವಖಾರಿ, ಅಂದರೆ ಗೋದಾಮು. ನನಗೆ ನೋಡಿದ ಕೂಡಲೇ ಮನಸ್ಸಾಯಿತು. ಅದನ್ನು ಬಾಯಿಬಿಟ್ಟು ಹೇಳುವ ಮೊದಲೇ ನಮ್ಮವರ ಕಾಕಾ ನನ್ನನ್ನು ಕಣ್ಣಿನಲ್ಲೇ ಗದರಿಸಿದರು. ಅವರು ಜನ್ಮವೆಲ್ಲ ಎತ್ತು ಕೊಂಡು ಮಾರಿದವರು. "ತಗೊಳ್ಳೂ ಎತ್ತಿನ ಹಲ್ಲ ನೋಡಿ ಮಾರಿ ಕಿವಚಬೇಕವಾ. ನಕ್ಕಿ ಅಂದ್ರ ರೇಟ ಏರತೈತಿ" ಎಂಬುದು ಅವರ ಅರ್ಥಶಾಸ್ತ್ರ. ಅದರಂತೆ ನಮ್ಮವರು ಮನೆಯನ್ನೆಲ್ಲ ಸುತ್ತಿ ಬಾಗಿಲು ಗಿಡ್ಡ, ಗೋಡೆ ಹಸಿ, ಬಾವಿ ಮೂಲೆಗಿದೆ ಎಂದು ಮುಖ ಕಿವುಚಿದರು. ಆಯಿ ಎಲ್ಲವನ್ನೂ ಸಮಾಧಾನದಿಂದ ಕೇಳಿ, ಒಳಗೆ ತಿರುಗಿ, "ಗಂಗೂ, ಖಾರ ಹುರಿಯೂದು ಆತೇನ?" ಎಂದು ಅಡುಗೆಯವಳನ್ನು ಕೇಳಿದರು.

ನಮ್ಮವರು ಗಂಟಲು ಸರಿಮಾಡಿಕೊಂಡು ಬೆಲೆ ಹೇಳಲು ಬಾಯಿ ತೆರೆದರು. ಬಂದದ್ದು ಸೀನು. ಒಂದೇ ಒಂದು.

ವ್ಯವಹಾರದ ಮಾತಿಗೆ ಒಂಟಿ ಸೀನು ಅಪಶಕುನ ಎಂಬುದು ನಿಮಗೂ ಗೊತ್ತಿರಬೇಕು. ಎರಡು ಬಂದರೆ ದೋಷವಿಲ್ಲ. ನಮ್ಮವರು ಎರಡನೆಯದಕ್ಕಾಗಿ ಮೂಗು ಉಜ್ಜಿದರು, ಕಾಕಾ ಅವರನ್ನು ಬಿಸಿಲಿಗೆ ನಿಲ್ಲಿಸಿದರು. ಬರಲಿಲ್ಲ. "ವಖಾರಿ ಧೂಳ್ರಿ ಅದು. ಇವತ್ತ ಮಾತ ಬ್ಯಾಡ, ಮತ್ತ ಬರ್ರಿ" ಎಂದು ಆಯಿ ಬೆಲ್ಲ ಕೊಟ್ಟು ಕಳಿಸಿದರು. ಮತ್ತೆ ಹೋದಾಗಲೂ ಅದೇ ಖಾರ, ಅದೇ ಸೀನು, ಅದೇ ಬೆಲ್ಲ.

ಅಷ್ಟರಲ್ಲಿ ಮನೆಗೆ ಇನ್ನಿಬ್ಬರು ಗಂಟುಬಿದ್ದರು. ಒಬ್ಬರು ಮುಗಳಖೋಡದ ಸಾವುಕಾರರು. ಮನೆ ಕೆಡವಿ ಅಂಗಡಿಗಳ ಸಾಲು ಕಟ್ಟುವುದು ಅವರ ಯೋಜನೆ. ಇನ್ನೊಬ್ಬರು ಹಿಂದಿನ ವಖಾರಿಯ ಒಡೆಯರೇ ಆದ ದಲ್ಲಾಳಿ ಸದುಮಾಮಾ. ಅವರಿಗೆ ಪಡಸಾಲೆಯಲ್ಲೂ ತಂಬಾಕು ತುಂಬಬೇಕಿತ್ತು. "ನಲವತ್ತ ವರ್ಷ ತಂಬಾಕದಾಗ ಉಸರಾಡೇನಿ. ಈ ಮೂಗ ಸೀನೂದು ಮರತೈತಿ" ಎಂದು ಅವರು ಚಹಾದಂಗಡಿಯಲ್ಲಿ ಹೇಳಿದ್ದು ನಮ್ಮ ಕಿವಿಗೂ ಬಿತ್ತು. ನಮ್ಮವರು ಎರಡು ದಿನ ಸರಿಯಾಗಿ ಊಟ ಮಾಡಲಿಲ್ಲ.

ಕೊನೆಗೆ ಆಯಿ ಮೂವರನ್ನೂ ಒಂದೇ ದಿನ ಕರೆದರು. ನಮ್ಮ ಒಂಟಿ ಸೀನಿನ ಸುದ್ದಿ ಕೇಳಿದ್ದ ಸಾವುಕಾರರು ಎರಡು ಸೀನು ಖಾತ್ರಿ ಇರಲೆಂದು ನಶ್ಯದ ಡಬ್ಬಿ ತಂದಿದ್ದರು. ನಮ್ಮವರ ಮೂಗಿನ ಚರಿತ್ರೆ ನೋಡಿ ಕಾಕಾ, "ಈ ಸಲ ನಮ್ಮ ಸೊಸಿ ಮಾತಾಡಲಿ. ಕಾನ್ವೆಂಟದಾಕಿ" ಎಂದರು. ಇಂಗ್ಲಿಷು ಬಲ್ಲವಳಿಗೆ ಸೀನು ಬರುವುದಿಲ್ಲ ಎಂಬ ನಂಬಿಕೆಯೋ ಏನೋ. ಪೂರ್ತಿ ಸುಳ್ಳೂ ಅಲ್ಲ. ಪ್ರಾರ್ಥನೆಯ ಹೊತ್ತಿನಲ್ಲಿ ಸೀನು ಬಂದರೆ ಮೇಲ್ದುಟಿಗೆ ಬೆರಳೊತ್ತಿ, ನಾಲಗೆಯನ್ನು ಅಂಗುಳಕ್ಕೆ ಹಚ್ಚಿ ತಡೆಯುವುದನ್ನು ನಮ್ಮ ಸಿಸ್ಟರು ವರ್ಷಗಟ್ಟಲೆ ಕಲಿಸಿದ್ದರು. ನನ್ನ ವಿದ್ಯಾಭ್ಯಾಸದಲ್ಲಿ ಸಂಸಾರಕ್ಕೆ ಉಪಯೋಗ ಬಿದ್ದ ಪಾಠ ಅದೊಂದೇ.

"ಗಂಗೂ, ಖಾರ ಹುರಿಯೂದು ಆತೇನ?" ಎಂದರು ಆಯಿ.

ಆಗ ನನ್ನ ಕಣ್ಣು ಆಯಿಯ ಪಕ್ಕದಲ್ಲಿದ್ದ ತಾಟಿನ ಮೇಲೆ ಬಿತ್ತು. ಆಗಷ್ಟೇ ಉಂಡೆದ್ದ ತಾಟು. ಅದರಲ್ಲಿ ಮೊಸರನ್ನದ ಅಗುಳು ಬಿಟ್ಟರೆ ಕೆಂಪಿನ ಒಂದು ಚುಕ್ಕೆಯೂ ಇರಲಿಲ್ಲ. ಮೊದಲ ಸಲ ಬಂದಾಗಲೂ ಮೊಸರನ್ನವೇ ಇತ್ತೆಂದು ನೆನಪಾಯಿತು. ಖಾರ ಮುಟ್ಟದ ಮುದುಕಿಯ ಮನೆಯಲ್ಲಿ ದಿನಾ ಇಷ್ಟು ಮೆಣಸಿನಕಾಯಿ ಹುರಿಯುವುದು ಯಾರಿಗಾಗಿ?

ಯೋಚಿಸುವಷ್ಟರಲ್ಲಿ ಘಾಟು ಬಂತು. ಸಾವುಕಾರರು ಬೆಲೆ ಹೇಳುವ ನಡುವೆಯೇ ಒಂದು ಸಲ ಸೀನಿದರು. ಗಾಬರಿಯಲ್ಲಿ ನಶ್ಯದ ಡಬ್ಬಿ ಕೈಜಾರಿ ನಮ್ಮ ಕಾಕಾರ ಧೋತರದ ಮೇಲೆ ಬಿತ್ತು. ಸದುಮಾಮಾ ನಗುತ್ತಾ ಅವರಿಗಿಂತ ದೊಡ್ಡ ಬೆಲೆ ಹೇಳಲು ಎದೆಯುಬ್ಬಿಸಿದರು. ಆ ಉಸಿರೇ ಅವರಿಗೆ ಮುಳುವಾಯಿತು. ಕಂಬದ ಮೇಲಿನ ಪಾರಿವಾಳ ಹಾರಿಹೋಗುವಂಥ ಸೀನು, ಆದರೆ ಒಂಟಿ. "ನಮ್ಮ ವಖಾರಿ ಧೂಳ ನಮಗ ವೈರಿ ಆತು ನೋಡ್ರಿ ಆಯಿ" ಎಂದು ಅವರು ತಲೆ ಕೆಳಗೆ ಹಾಕಿದರು.

ಈಗ ನನ್ನ ಸರದಿ. ಬೆರಳು ಒತ್ತಿದೆ, ನಾಲಗೆ ಹಚ್ಚಿದೆ. ಸೀನು ನಿಂತಿತು. ಆದರೆ ಬಾಯಿ ತೆರೆದರೆ ಹೊರಬರುವುದು ಬೆಲೆಯಲ್ಲ ಎಂದು ಗೊತ್ತಿತ್ತು, ಸಿಸ್ಟರು ಮುಂದಿನ ಪಾಠ ಕಲಿಸಿರಲಿಲ್ಲ. ಬೆರಳು ತೆಗೆಯದೇ ಕೂತೆ. ಕಣ್ಣಿಂದ ನೀರು ಧಾರೆಯಾಗಿ ಇಳಿಯತೊಡಗಿತು.

"ಯಾಕವ್ವಾ, ಮನೀ ಸಲುವಾಗಿ ಅಳಾಕತ್ತಿಯೇನ?" ಆಯಿ ಬಗ್ಗಿ ನನ್ನ ಮುಖ ನೋಡಿದರು.

ಅಲ್ಲವೆನ್ನಲು ಹೊರಟವಳಿಗೆ ಮಂಚದ ಹಿಂದೆ ನಿಂತ ಗಿಳಿಗಳು ಯಾಕೆ ನೆನಪಾದವೋ, ತಲೆ ಅಡ್ಡವೂ ಆಡಲಿಲ್ಲ, ಉದ್ದವೂ ಆಡಲಿಲ್ಲ. ನೀರು ಮಾತ್ರ ಇನ್ನೂ ಹೆಚ್ಚಾಯಿತು.

ಆಯಿ ಒಳಗೆ ತಿರುಗಿ ಹೇಳಿದರು: "ಗಂಗೂ, ಹಂಚ ಕೆಳಗ ಇಳಸ."

ಮನೆ ನಮ್ಮದಾಯಿತು, ನಮ್ಮ ಕೈಗೆ ಎಟಕುವ ಬೆಲೆಗೇ. ಸೋತವರು ಯಾರೂ ಆಯಿಯ ಮೇಲೆ ಮುನಿಸಿಕೊಳ್ಳಲಿಲ್ಲ. ಮುನಿಸಿಕೊಂಡದ್ದೆಲ್ಲ ತಂತಮ್ಮ ಮೂಗಿನ ಮೇಲೆ. ಕೀಲಿಕೈ ಕೊಡುವ ದಿನ ಆಯಿ ನನ್ನನ್ನು ಅಡುಗೆಮನೆಗೆ ಕರೆದು ಈ ಹಂಚು ತೋರಿಸಿದರು.

"ಇದು ಮನೀ ಕೂಡ ಇರಲಿ. ಬಾಜೂ ಮನಿಯವರಿಗಿ ಇಲ್ಲ ಅಂದ್ರ ವೈರತ್ವ ಆಕ್ಕೈತಿ. ಸೀನಿದ್ರ ಯಾರ ತಪ್ಪೂ ಇರಂಗಿಲ್ಲ" ಎಂದರು. ಆಮೇಲೆ ದನಿ ತಗ್ಗಿಸಿ, "ಅವತ್ತಿನ ಕಣ್ಣೀರ ಖರೇದೋ, ಘಾಟಿಂದೋ?"

"ಗೊತ್ತಿಲ್ರಿ ಆಯಿ."

"ಹಂಗಾರ ಖರೇದ ಬಿಡು" ಎಂದು ಚಪ್ಪಲಿ ಮೆಟ್ಟಿ ಹೊರಟರು.

ಅಂದೇ ನಾನು ಎರಡು ಮೊಳೆ ಹೊಡೆದೆ. ಒಂದು ಗಿಳಿಗಳಿಗೆ, ಒಂದು ಹಂಚಿಗೆ. ಹಂಚಿನ ಗುಟ್ಟನ್ನು ನಮ್ಮವರಿಗೆ ಹೇಳಲಿಲ್ಲ. ವಖಾರಿಯ ಧೂಳಿನಲ್ಲಿ ಅವರಿಗಿದ್ದ ನಂಬಿಕೆ ದೊಡ್ಡದು, ಕೆಡಿಸಲು ಮನಸ್ಸಾಗಲಿಲ್ಲ.

ನೋಡಿ, ನೀರು ಕುದಿಯಿತು. ಪಡಸಾಲೆಯಲ್ಲಿ ಆ ಹುಡುಗ ಯಾವುದೋ ದೊಡ್ಡ ಅಂಕಿ ಹೇಳುತ್ತಿದ್ದಾನೆ. ನಮ್ಮವರ "ನೋಡೂಣ್ರಿ" ನಿಂತುಹೋಗಿದೆ. ಹಂಚು ಇಳಿಸಿಕೊಂಡೆ, ಡಬ್ಬಿಯಿಂದ ಒಂದು ಹಿಡಿ ಬ್ಯಾಡಗಿ ಮೆಣಸಿನಕಾಯಿ ತೆಗೆದೆ. ಖಾರ ಸಾಲದೆನಿಸಿ ಗುಂಟೂರಿನವನ್ನೂ ಸೇರಿಸಿದೆ. ಇನ್ನೊಂದು ಒಲೆ ಹಚ್ಚಲು ಕಡ್ಡಿಪೆಟ್ಟಿಗೆಗೆ ಕೈ ಹಾಕುತ್ತಿದ್ದೇನೆ, ಆಗಲೇ ಹೊರಗಿನಿಂದ ಒಂದು ಸೀನು ಕೇಳಿಸಿತು.

ಒಂದೇ ಒಂದು. ನಮ್ಮವರದೇ.

"ವಖಾರಿ ಧೂಳ್ರಿ ಇದು" ಎನ್ನುತ್ತಿದ್ದಾರೆ. "ಇವತ್ತ ಮಾತ ಬ್ಯಾಡ, ಮತ್ತ ಬರ್ರಿ."

ವಖಾರಿ ಕೆಡವಿ ಅಲ್ಲಿ ಮದುವೆಯ ಕಾರ್ಯಾಲಯ ಎದ್ದು ಎಷ್ಟೋ ವರ್ಷಗಳಾದವು. ನಾನಿನ್ನೂ ಹಂಚಿನ ಕೆಳಗೆ ಬೆಂಕಿಯನ್ನೇ ಹಚ್ಚಿಲ್ಲ.

ಹಂಚನ್ನು ಅದರ ಮೊಳೆಗೆ ತೂಗುಹಾಕಿ, ಬಂದವರಿಗೆ ಕೊಡಲು ಬೆಲ್ಲದ ಡಬ್ಬಿ ತೆಗೆದೆ.